ಸಹಾಯ ಬೇಕು: 35 ಮಕ್ಕಳಿಗೆ ವಿಜಯಪುರದ ಅರಕಿಲ್ಲಾ (ಆದಿಲಶಾಹಿ ಅರಮನಿಗಳಿದ್ದ ಒಳಕೋಟಿ) ತೋರಸಬೇಕು

ನಮಸ್ಕಾರ ರೀ. ಬಾಗಲಕೋಟೆಯಿಂದ 35 ಹೈಸ್ಕೂಲ ಮಕ್ಕಳು ಒಂದ ದಿನಕ್ಕ ಬರ್ತಾರ. ಶುಕ್ರವಾರ ಬಿಟ್ಟೀವಿ: ಗೋಳಗುಮ್ಮಟದ ಮ್ಯೂಸಿಯಂ ರಜಾ, ಜುಮ್ಮಾ ಮಸೀದಿಯೊಳಗ ನಮಾಜಿನ ಗದ್ದಲ.

ಗೋಳಗುಮ್ಮಟ ಬಾಗಿಲ ತೆಗೆದ ಕೂಡ್ಲೇ ಮುಗಸಬೇಕು. ತಡಾ ಆದ್ರ ಗುಮ್ಮಟದ ಒಳಸುತ್ತಿನ ಪಿಸುಮಾತಿನ ಗ್ಯಾಲರಿಯೊಳಗ ಬಂದವರೆಲ್ಲಾ ಚೀರತಾರ, ಪಿಸುಮಾತು ಕೇಳೂದಿಲ್ಲ. ಮೆಟ್ಟಿಲು ಮೂಲಿ ಮಿನಾರದೊಳಗ, ಇಕ್ಕಟ್ಟು; ಹತ್ತತ್ತು ಮಕ್ಕಳನ್ನ ಬಿಟ್ರ ಸಾಕು.

ಆಮ್ಯಾಲ ಅರಕಿಲ್ಲಾ. ಇಲ್ಲೇ ತೊಡಕು. ಕೋಟಿ ಗ್ವಾಡಿ ಬಹಳಷ್ಟು ಹೋಗ್ಯಾವ, ಮಹಲುಗಳ ನಡುವ ರಸ್ತೆ, ಸರಕಾರಿ ಕಚೇರಿ ಬಂದಾವ, ಅದಕ್ಕ ಹೊಸಬರಿಗೆ ಇದು ಒಂದೇ ಅರಮನಿ ಆವರಣ ಅಂತ ತಿಳಿಯೂದೇ ಇಲ್ಲ. ಗಗನಮಹಲಿಗೆ ಒಂದ ತಾಸು ಕೊಡೂ ವಿಚಾರ: ಕೆಳಗ ದರ್ಬಾರು, ಮ್ಯಾಲ ರಾಜಮನೆತನದ ವಾಸ. ಮರದ ಕೆಲಸಾ ಎಲ್ಲಾ ಹೋಗಿ ಆ ದೊಡ್ಡ ನಡುಗಮಾನು ನಿಂತದ. 1686ರಾಗ ಕಡೇ ಸುಲ್ತಾನ ಸಿಕಂದರ ಆದಿಲಶಾಹ ಔರಂಗಜೇಬನಿಗೆ ಶರಣಾದದ್ದು ಇಲ್ಲೇ ಅಂತ ಹೇಳ್ತಾರ. ಸಾತ್ ಮಂಜಿಲ್ ಹೆಸರಿಗಷ್ಟ ಏಳಂತಸ್ತು, ಈಗ ಐದ ಉಳದಾವ. ಎದುರಿನ ಪುಟ್ಟ ಜಲಮಂಜಿಲ್ ಮಂದಿ ನೋಡದೇ ದಾಟಿ ಹೋಗ್ತಾರ.

ಬಲ್ಲವರು ಹೇಳ್ರಿ:
ಗ್ಯಾಲರಿಗೆ ಈಗ ಬಿಡ್ತಾರೇನು?
ದೊಡ್ಡ ಬಸ್ಸು ಎಲ್ಲಿ ನಿಲ್ಲಸಬೇಕು? ಗಗನಮಹಲಿನಿಂದ ಬಾರಾ ಕಮಾನಿಗೆ (ಅರ್ಧಕ್ಕ ನಿಂತ ಸುಲ್ತಾನನ ಗೋರಿ) ದೊಡ್ಡ ರಸ್ತೆ ದಾಟದೇ ನಡೀಬಹುದಾ?
ಪ್ರವಾದಿಯ ಕೇಶ ಇಟ್ಟದ್ದು ಅನ್ನೂ ಅಸಾರ ಮಹಲಿನೊಳಗ ಹೆಣ್ಣುಮಕ್ಕಳನ್ನ ಎಲ್ಲಿ ತನಕ ಬಿಡ್ತಾರ? ಅಲ್ಲಿ ಹೋಗಿ ಅವರನ್ನಷ್ಟ ಹೊರಗ ನಿಲ್ಲಸೂದು ಚೊಲೊ ಅನಸೂದಿಲ್ಲ.
ಹತ್ತಿರ ಸ್ವಚ್ಛ ಶೌಚಾಲಯ, ಬುತ್ತಿ ಬಿಚ್ಚಾಕ ನೆರಳು ಎಲ್ಲಿ ಅದ?

ಇಬ್ರಾಹಿಂ ರೋಜಾ ಊರ ಪಡುವಣಕ್ಕ, ಅದನ್ನ ಸಂಜಿಗೆ ಇಟ್ಟೀವಿ. ಮೂರ ತಾಸಿನೊಳಗ ಅರಕಿಲ್ಲಾ ಆಗೂದಿಲ್ಲ ಅನ್ನೂ ಹಂಗಿದ್ರ ಯಾವುದು ಬಿಡಬೇಕು ಅನ್ನೂದೂ ತಿಳಸ್ರಿ.