ಸಿದ್ಧಾಂತಗಳನ್ನು ಪ್ರಶ್ನಿಸುತ್ತಲೇ ಯೇಸುವನ್ನು ಹಿಂಬಾಲಿಸಬಹುದೇ?

ಪ್ರಶ್ನೆ: ಸಂಡೇ ಸ್ಕೂಲ್ ಶಿಕ್ಷಕಿ, ಹುಬ್ಬಳ್ಳಿ

ಎಲ್ಲರಿಗೂ ಕ್ರಿಸ್ತನಲ್ಲಿ ವಂದನೆಗಳು.

ನಾನು ದಕ್ಷಿಣ ಭಾರತ ಸಭೆಯ (ಸಿ.ಎಸ್.ಐ. ಚರ್ಚಿನ) ಸದಸ್ಯೆ. ಸಂಡೇ ಸ್ಕೂಲಿನಲ್ಲಿ ದೊಡ್ಡ ಮಕ್ಕಳಿಗೆ ಪಾಠ ಮಾಡುತ್ತೇನೆ. ಈಚೆಗೆ ನಮ್ಮ ಊರಿನಲ್ಲಿ ನಡೆದ ಉಜ್ಜೀವನ ಕೂಟವೊಂದರಲ್ಲಿ ಪ್ರಸಂಗಿಗಳು, ಯೇಸುವಿನ ಹೆಸರಿನಲ್ಲಿ ದೀಕ್ಷಾಸ್ನಾನ ಪಡೆಯದೆ ಸತ್ತವರೆಲ್ಲರೂ ನಿತ್ಯ ನರಕಕ್ಕೆ ಪಾಲಾಗುತ್ತಾರೆ ಎಂದು ಸಾರಿದರು. ಅದರ ಮುಂದಿನ ಭಾನುವಾರ ತರಗತಿಯಲ್ಲಿ ಹುಡುಗಿಯೊಬ್ಬಳು ಎದ್ದು ನಿಂತು, "ಟೀಚರ್, ನಮ್ಮವ್ವನ ತಾಯಿ ಕೊರಳಾಗ ಲಿಂಗ ಕಟ್ಟಿಕೊಂಡೇ ತೀರಿಕೊಂಡ್ರು. ಅವರೂ ಅಲ್ಲೇ ಅದಾರೇನ್ರಿ?" ಎಂದು ಕೇಳಿದಳು. ಅದು ದೇವರಿಗೇ ಗೊತ್ತು ಎಂದಷ್ಟೇ ಹೇಳಿ ಪಾಠ ಮುಂದುವರಿಸಿದೆ. ಆದರೆ ಆ ಮಗುವಿಗೆ ಬೇಕಾಗಿದ್ದದ್ದು ಅಂಥ ಉತ್ತರವಲ್ಲ.

ನಿಜ ಹೇಳಬೇಕೆಂದರೆ, ಹಲವು ವರ್ಷಗಳಿಂದ ನನ್ನೊಳಗೆ ಎರಡು ವಿಷಯಗಳು ಒಪ್ಪಿತವಾಗದೆ ಉಳಿದಿವೆ. ಒಂದು ಈ ನಿತ್ಯ ನರಕ. ಇನ್ನೊಂದು, ನಿರಪರಾಧಿಯ ರಕ್ತ ಸುರಿಯದ ಹೊರತು ದೇವರು ಕ್ಷಮಿಸಲಾರನು, ನಮಗೆ ಸಲ್ಲಬೇಕಾದ ಶಿಕ್ಷೆಯನ್ನು ತಂದೆಯು ಮಗನ ಮೇಲೆ ಹೊರಿಸಿದನು ಎಂಬ ವಿವರಣೆ. ಲೂಕನ ಸುವಾರ್ತೆಯಲ್ಲಿ ತಪ್ಪಿಹೋದ ಮಗ ಇನ್ನೂ ದೂರದಲ್ಲಿರುವಾಗಲೇ ತಂದೆ ಓಡಿಬಂದು ಅವನ ಕೊರಳನ್ನು ಅಪ್ಪಿಕೊಳ್ಳುತ್ತಾನೆ. ಹಾಳುಮಾಡಿದ ಆಸ್ತಿಯ ಲೆಕ್ಕವನ್ನಾಗಲಿ, ಅದಕ್ಕೆ ಬದಲಾಗಿ ಇನ್ನೊಬ್ಬರ ಪ್ರಾಣವನ್ನಾಗಲಿ ಕೇಳುವುದಿಲ್ಲ. ಆ ಕಥೆಯನ್ನು ಹೇಳಿದ ಯೇಸುವೇ ನನ್ನ ಗುರು, ನನ್ನ ಕರ್ತನು. ಪರ್ವತ ಪ್ರಸಂಗವನ್ನು ಓದಿದಾಗಲೆಲ್ಲ ನಾನು ಹೀಗೆಯೇ ಬದುಕಬೇಕು ಎಂಬ ಹಂಬಲ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಹೀಗಿರುವಾಗ ಆರಾಧನೆಯಲ್ಲಿ ಎಲ್ಲರ ಜೊತೆ ಎದ್ದು ನಿಂತು, ನಮ್ಮ ನಂಬಿಕೆ ಇದು ಎಂದು ಸಾರುವ ವಿಶ್ವಾಸ ಪ್ರಮಾಣವನ್ನು ಹೇಳುವುದು ನನ್ನ ಪಾಲಿಗೆ ಸುಳ್ಳಾಗುತ್ತದೆಯೇ? ಕರ್ತನ ಭೋಜನಕ್ಕೆ ಕೈ ಚಾಚಬಹುದೇ? ಮಕ್ಕಳಿಗೆ ಪಾಠ ಮಾಡುವುದನ್ನು ನಿಲ್ಲಿಸಬೇಕೇ? ಬಲ್ಲವರು ತಿಳಿಸಿ.

ಉತ್ತರ 1: ನಿವೃತ್ತ ದೈವಶಾಸ್ತ್ರ ಅಧ್ಯಾಪಕ, ಮಂಗಳೂರು

ಸಹೋದರಿಯವರೇ, ಪಾಠವನ್ನು ದಯವಿಟ್ಟು ನಿಲ್ಲಿಸಬೇಡಿ.

ನೀವು ಪ್ರತಿ ಭಾನುವಾರ ಹೇಳುವ ವಿಶ್ವಾಸ ಪ್ರಮಾಣವನ್ನು ಒಮ್ಮೆ ನಿಧಾನವಾಗಿ ಓದಿ ನೋಡಿ. ಅಪೊಸ್ತಲರ ಪ್ರಮಾಣದಲ್ಲಾಗಲಿ ನೈಸಿಯಾದ ಪ್ರಮಾಣದಲ್ಲಾಗಲಿ, ಪಾಪಿಗಳು ಕೊನೆಯಿಲ್ಲದ ಯಾತನೆಯನ್ನು ಅನುಭವಿಸುತ್ತಾರೆ ಎಂಬ ವಾಕ್ಯವಿಲ್ಲ. ತಂದೆಯು ನಮ್ಮ ಶಿಕ್ಷೆಯನ್ನು ಮಗನ ಮೇಲೆ ಹೊರಿಸಿದನು ಎಂಬ ವಾಕ್ಯವೂ ಇಲ್ಲ. ಕ್ರಿಸ್ತನು ನಮಗೋಸ್ಕರ, ನಮ್ಮ ರಕ್ಷಣೆಗೋಸ್ಕರ ಬಂದನು, ನಮಗೋಸ್ಕರ ಶಿಲುಬೆಗೆ ಹಾಕಲ್ಪಟ್ಟನು ಎಂದು ನೈಸಿಯಾದ ಪ್ರಮಾಣ ಹೇಳುತ್ತದೆ. ಆ ಮರಣ ನಮ್ಮನ್ನು ಯಾವ ರೀತಿಯಲ್ಲಿ ರಕ್ಷಿಸುತ್ತದೆ ಎಂಬುದನ್ನು ಅದು ವಿವರಿಸಲು ಹೋಗುವುದಿಲ್ಲ. ನಿಮಗೆ ತೊಡಕಾಗಿರುವುದು ಪ್ರಮಾಣದ ಮಾತುಗಳಲ್ಲ, ಅವುಗಳಿಗೆ ನಂತರದ ಶತಮಾನಗಳಲ್ಲಿ ಸೇರಿಕೊಂಡ ವ್ಯಾಖ್ಯಾನಗಳು.

ಆ ವ್ಯಾಖ್ಯಾನಗಳಿಗೂ ಹುಟ್ಟಿದ ಕಾಲ, ಬೆಳೆದ ಊರು ಇದೆ. ಸೈತಾನನ ಸೆರೆಯಿಂದ ಮಾನವರನ್ನು ಬಿಡಿಸಲು ಕೊಟ್ಟ ಈಡು (ಬಿಡುಗಡೆಯ ಬೆಲೆ) ಎಂಬ ಅರ್ಥದಲ್ಲಿ ಶಿಲುಬೆಯನ್ನು ಕಂಡವರು ಮೊದಲ ಶತಮಾನಗಳ ಸಭಾಪಿತೃಗಳಲ್ಲಿ, ಅಂದರೆ ಆದಿ ಸಭೆಯ ಗುರುಗಳಲ್ಲಿ, ಹಲವರಿದ್ದರು. 11ನೇ ಶತಮಾನದ ಕೊನೆಯಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆನ್ಸೆಲ್ಮನು, ಒಡೆಯನ ಮರ್ಯಾದೆಗೆ ಕುಂದು ತಂದವನು ಅದನ್ನು ತುಂಬಿಕೊಡಲೇಬೇಕು ಎಂಬ ತನ್ನ ಕಾಲದ ಊಳಿಗಮಾನ್ಯ ಸಮಾಜಕ್ಕೆ ಅರ್ಥವಾಗುವ ಹಾಗೆ ಅದನ್ನು ವಿವರಿಸಿದನು. ಸ್ವಲ್ಪವೇ ಕಾಲದ ನಂತರ ಪ್ಯಾರಿಸ್ಸಿನ ದೈವಶಾಸ್ತ್ರಿ ಅಬೆಲಾರ್ಡನು, ಶಿಲುಬೆಯಲ್ಲಿ ಕಾಣುವುದು ನಮ್ಮ ಹೃದಯವನ್ನು ತಿರುಗಿಸುವ ದೇವರ ಪ್ರೀತಿ ಎಂದು ಬರೆದನು. ನ್ಯಾಯಾಲಯ, ತೀರ್ಪು, ಶಿಕ್ಷೆ ಎಂಬ ಚೌಕಟ್ಟು ಗಟ್ಟಿಯಾದದ್ದು 16ನೇ ಶತಮಾನದ ಪ್ರೊಟೆಸ್ಟೆಂಟ್ ಸುಧಾರಕರಲ್ಲಿ. ಅವರಲ್ಲಿ ಪ್ರಮುಖನಾದ ಕ್ಯಾಲ್ವಿನನು ಕಾನೂನು ಓದಿದವನು. ಇವರೆಲ್ಲರೂ ಯೇಸುವಿನ ಮರಣವನ್ನು ಆಳವಾಗಿ ಪ್ರೀತಿಸಿ ಯೋಚಿಸಿದವರೇ. ಈ ವಿವರಣೆಗಳಲ್ಲಿ ಒಂದನ್ನು ಒಪ್ಪದವನು ಕ್ರೈಸ್ತನೇ ಅಲ್ಲ ಎಂದು ಬಿಷಪರು ಕೂಡಿದ ಪುರಾತನ ಸಾರ್ವತ್ರಿಕ ಮಹಾಸಭೆಗಳು ಯಾವತ್ತೂ ತೀರ್ಮಾನಿಸಲಿಲ್ಲ.

ನರಕದ ವಿಷಯದಲ್ಲಿ ನಾನು ತರಗತಿಯಲ್ಲಿ ತಪ್ಪದೆ ಹೇಳುತ್ತಿದ್ದ ಹೆಸರು ನಿಸ್ಸಾದ ಗ್ರೆಗೊರಿಯದು. ಇಂದು ನಾವು ಹೇಳುವ ನೈಸಿಯಾ ಪ್ರಮಾಣದ ರೂಪವನ್ನು 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಗೆ ಸೇರಿದ್ದೆಂದು ಪರಂಪರೆ ಹೇಳುತ್ತದೆ. ಅದೇ ಮಹಾಸಭೆಯಲ್ಲಿ ಭಾಗವಹಿಸಿದ್ದ ಈ ಬಿಷಪ್, ದೇವರ ಬೆಂಕಿ ಸುಡುವುದು ಶುದ್ಧಮಾಡುವುದಕ್ಕೆ, ಕೊನೆಗೆ ಎಲ್ಲವೂ ದೇವರಲ್ಲಿ ಸರಿಹೋಗುತ್ತದೆ ಎಂದು ನಿರೀಕ್ಷಿಸಿದವನು. ಪೂರ್ವ ಮತ್ತು ಪಶ್ಚಿಮದ ಸಭೆಗಳೆರಡೂ ಅವನನ್ನು ಇಂದಿಗೂ ಸಂತನೆಂದು ಗೌರವಿಸುತ್ತವೆ.

ಇನ್ನು ನಮ್ಮ ಸಭೆಯ ವಿಚಾರ. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮತ್ತು ದಕ್ಷಿಣ ಭಾರತ ಐಕ್ಯ ಸಭೆಗಳು ಒಂದಾದವು. ಆ ಐಕ್ಯಕ್ಕೆ ಆಧಾರವಾದ ಒಪ್ಪಂದದ ಬರಹವು ಎರಡು ವಿಶ್ವಾಸ ಪ್ರಮಾಣಗಳನ್ನೂ ಮನಸಾರೆ ಸ್ವೀಕರಿಸುತ್ತದೆ. ಅದರ ಜೊತೆಗೇ, ಅವುಗಳ ಒಂದೊಂದು ಪದಕ್ಕೂ ಪ್ರತಿಯೊಬ್ಬ ವ್ಯಕ್ತಿಯ ಒಪ್ಪಿಗೆಯನ್ನು ಕೇಳುವ ಉದ್ದೇಶವಿಲ್ಲವೆಂದೂ, ಯುಕ್ತವಾದ ವ್ಯಾಖ್ಯಾನ ಸ್ವಾತಂತ್ರ್ಯವನ್ನು ಹೊರಗಿಡುವುದಿಲ್ಲವೆಂದೂ, ಈ ಪ್ರಮಾಣಗಳು ಕ್ರೈಸ್ತ ನಂಬಿಕೆಯ ಪೂರ್ಣ ಅಭಿವ್ಯಕ್ತಿ ಎಂದು ಸಾಧಿಸುವುದಿಲ್ಲವೆಂದೂ ಹೇಳುತ್ತದೆ. ನೀವು ಕೇಳುತ್ತಿರುವ ಸ್ಥಳಾವಕಾಶವನ್ನು ನಿಮ್ಮ ಸಭೆಯ ಹಿರಿಯರು ಆಗಲೇ ಇಟ್ಟುಹೋಗಿದ್ದಾರೆ. ಇದನ್ನು ನಮ್ಮ ಸಭೆಗಳಲ್ಲಿ ಯಾರೂ ಕಲಿಸುವುದಿಲ್ಲ ಎಂಬುದು ನನ್ನ ಬಹುಕಾಲದ ಸಂಕಟ.

ನಮ್ಮ ನೆಲದವರೇ ಆದ ಸ್ಟ್ಯಾನ್ಲಿ ಸಮರ್ಥರನ್ನೂ ನೆನೆಯಬೇಕು. 1920ರಲ್ಲಿ ಕಾರ್ಕಳದಲ್ಲಿ ಹುಟ್ಟಿ, ಮಂಗಳೂರಿನಲ್ಲಿ ಸಭಾಪಾಲಕರಾಗುವವರಿಗೆ ಪಾಠ ಹೇಳಿ, 1971ರಲ್ಲಿ ಸಭೆಗಳ ಜಾಗತಿಕ ಪರಿಷತ್ತಿನ ಅಂತರ್ಧರ್ಮೀಯ ಸಂವಾದ ವಿಭಾಗಕ್ಕೆ ಮೊದಲ ನಿರ್ದೇಶಕರಾದವರು ಅವರು. ಕ್ರಿಸ್ತನಿಗೆ ಪೂರ್ಣ ನಿಷ್ಠೆಯಿಂದಿದ್ದೂ ದೇವರ ರಹಸ್ಯವು ಯಾವುದೇ ಒಂದು ಸಮುದಾಯದ ಸ್ವತ್ತಲ್ಲ ಎಂದು ಬದುಕಿನುದ್ದಕ್ಕೂ ವಾದಿಸಿದರು.

ಉತ್ತರ 2: ಸಭೆಯ ಹಿರಿಯ, ಶಿವಮೊಗ್ಗ

ಗುರುಗಳ ಪಾಂಡಿತ್ಯಕ್ಕೆ ನನ್ನ ನಮಸ್ಕಾರ. ಆದರೂ ಭಿನ್ನಾಭಿಪ್ರಾಯವನ್ನು ಹೇಳಲೇಬೇಕು. ಈ ವಿಷಯದಲ್ಲಿ ಸುಮ್ಮನಿರುವುದು ನನ್ನಿಂದ ಆಗದು.

ಸಿದ್ಧಾಂತಗಳನ್ನು ತೆಗೆದು ಬೋಧನೆಯನ್ನು ಮಾತ್ರ ಉಳಿಸಿಕೊಳ್ಳುವ ಪ್ರಯತ್ನ ನಮ್ಮ ದೇಶದಲ್ಲಿ ಹೊಸದಲ್ಲ. 1820ರಲ್ಲಿ ರಾಜಾ ರಾಮಮೋಹನ ರಾಯರು ಸುವಾರ್ತೆಗಳಿಂದ ಯೇಸುವಿನ ಉಪದೇಶಗಳನ್ನು ಆರಿಸಿ, ಅದ್ಭುತಗಳನ್ನೂ ಸಿದ್ಧಾಂತದ ಭಾಗಗಳನ್ನೂ ಬಿಟ್ಟು ಕಲ್ಕತ್ತೆಯಲ್ಲಿ ಪ್ರಕಟಿಸಿದರು. ಶ್ರೀರಾಂಪುರದ ಮಿಷನರಿ ಜೋಶುವಾ ಮಾರ್ಷ್‌ಮನ್ ಅದನ್ನು ಕಟುವಾಗಿ ಖಂಡಿಸಿದರು, ರಾಯರು ಒಂದರ ಹಿಂದೆ ಒಂದರಂತೆ ಉತ್ತರ ಬರೆದರು. ರಾಯರ ಪ್ರಾಮಾಣಿಕತೆಯನ್ನು ನಾನು ಅನುಮಾನಿಸುವುದಿಲ್ಲ. ಆದರೆ ಬರೀ ಉಪದೇಶ ಉಳಿದರೆ ನನ್ನಂಥವನ ಗತಿಯೇನು? ವೈರಿಗಳನ್ನು ಪ್ರೀತಿಸಿರಿ ಎಂಬ ಮಾತು ನನ್ನ ಶಕ್ತಿಯನ್ನು ಮೀರಿದ್ದು. ಆಸ್ತಿಯ ವಿಚಾರದಲ್ಲಿ ಮುನಿದ ಒಡಹುಟ್ಟಿದವನ ಮನೆಯ ಮೆಟ್ಟಿಲು ಹತ್ತಲು ನನಗೆ ಬಹಳ ಕಾಲ ಸಾಧ್ಯವಾಗಲಿಲ್ಲ. ಕೊನೆಗೆ ಹತ್ತಿಸಿದ್ದು ಉಪದೇಶವಲ್ಲ, ನನಗಾಗಿ ಪ್ರಾಣ ಕೊಟ್ಟವನು ಎದ್ದುಬಂದು ಜೊತೆಯಲ್ಲಿದ್ದಾನೆ ಎಂಬ ನಂಬಿಕೆ.

ಪುನರುತ್ಥಾನವು ನಂತರದ ಶತಮಾನದಲ್ಲಿ ಸೇರಿಕೊಂಡದ್ದಲ್ಲ. ಸುವಾರ್ತೆಗಳು ಬರವಣಿಗೆಗೆ ಇಳಿಯುವುದಕ್ಕಿಂತ ಮೊದಲೇ, ಯೇಸುವಿನ ಮರಣವಾಗಿ ಸುಮಾರು ಇಪ್ಪತ್ತೈದು ವರ್ಷಗಳೊಳಗೆ, ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ತಾನು ಇನ್ನೊಬ್ಬರಿಂದ ಪಡೆದ ಸಂಗತಿಯೆಂದೇ ಅದನ್ನು ದಾಖಲಿಸುತ್ತಾನೆ. ಹಾಗಾಗಿ ಎಲ್ಲ ಸಿದ್ಧಾಂತಗಳನ್ನೂ ಒಂದೇ ಬುಟ್ಟಿಗೆ ಹಾಕಬೇಡಿ ಎಂಬುದು ನನ್ನ ವಿನಂತಿ. ನ್ಯಾಯತೀರ್ಪನ್ನೂ ಸುಲಭವಾಗಿ ಬಿಟ್ಟುಬಿಡುವಂತಿಲ್ಲ. ಆ ಮಾತನ್ನು ಹೆಚ್ಚು ಆಡಿದವನು ಯೇಸುವೇ. ಹಿಂಸೆಗೆ ಗುರಿಯಾದವರಿಗೆ ನ್ಯಾಯ ಸಿಗುವ ದಿನವೊಂದಿದೆ ಎಂಬುದು ಅವರ ಪಾಲಿಗೆ ಸುವಾರ್ತೆ.

ಆದರೆ ಆ ಪ್ರಸಂಗಿಗಳು ಮಾಡಿದ್ದು ಸರಿಯೆಂದು ನಾನು ಹೇಳಲಾರೆ. ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದ ತೀರ್ಪಿನಲ್ಲಿ ಅರಸನು ಕೇಳುವುದು ಹಸಿದವರಿಗೆ ಊಟ ಕೊಟ್ಟಿರಾ, ಸೆರೆಯಲ್ಲಿದ್ದವರನ್ನು ನೋಡಲು ಹೋದಿರಾ ಎಂದು. ಅಲ್ಲಿ ಬಲಗಡೆಗೆ ನಿಂತವರಿಗೆ ತಾವು ಅರಸನನ್ನೇ ಉಪಚರಿಸಿದ್ದೆವೆಂಬುದು ಗೊತ್ತೇ ಇರಲಿಲ್ಲ. ಯಾರು ಯಾವ ಕಡೆಗೆ ಎಂದು ಹೆಸರು ಹಿಡಿದು ಹೇಳುವ ಅಧಿಕಾರ ನಮ್ಮಲ್ಲಿ ಯಾರಿಗೂ ಇಲ್ಲ.

ಉತ್ತರ 3: ಕಥೋಲಿಕ ಓದುಗ, ಉಡುಪಿ

ನಾನು ಬೇರೆ ಸಭೆಯವನಾದರೂ ಒಂದು ಸಂಗತಿ ಹೇಳುತ್ತೇನೆ. ದೀಕ್ಷಾಸ್ನಾನವಾಗದೆ ಸತ್ತ ಹಸುಗೂಸುಗಳು ಸ್ವರ್ಗಕ್ಕೆ ಸೇರದೆ ಲಿಂಬೋ ಎಂಬ ಸ್ಥಳದಲ್ಲಿ ಇರುತ್ತವೆ ಎಂದು ನಮ್ಮಲ್ಲಿ ಬಹುಕಾಲ ಕಲಿಸುತ್ತಿದ್ದರು. ಹೆರಿಗೆಯಲ್ಲೇ ಮಗುವನ್ನು ಕಳೆದುಕೊಂಡ ನಮ್ಮ ಅಜ್ಜಿ, ಆ ಮಗುವನ್ನು ಸಿಮಿತ್ರಿಯ ಪವಿತ್ರ ನೆಲದಲ್ಲಿ ಹೂಳಲು ಬಿಡಲಿಲ್ಲವೆಂಬ ನೋವನ್ನು ಸಾಯುವ ತನಕ ಇಟ್ಟುಕೊಂಡಿದ್ದರು. 2007ರಲ್ಲಿ ಪೋಪ್ ಹದಿನಾರನೇ ಬೆನೆಡಿಕ್ಟರ ಅನುಮತಿಯೊಂದಿಗೆ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗವು ಪ್ರಕಟಿಸಿದ ದಾಖಲೆ, ಅಂಥ ಶಿಶುಗಳೂ ರಕ್ಷಣೆ ಹೊಂದುತ್ತವೆಂದು ನಿರೀಕ್ಷಿಸಲು ಗಂಭೀರವಾದ ಆಧಾರಗಳಿವೆ ಎಂದಿತು. ಅದಕ್ಕೂ ಮೊದಲು 1964ರಲ್ಲೇ ಎರಡನೇ ವ್ಯಾಟಿಕನ್ ಮಹಾಸಭೆಯು, ತಮ್ಮದಲ್ಲದ ಕಾರಣಕ್ಕೆ ಸುವಾರ್ತೆಯನ್ನು ಅರಿಯದೆ, ಪ್ರಾಮಾಣಿಕ ಮನಸ್ಸಿನಿಂದ ದೇವರನ್ನು ಹುಡುಕಿ ತಮ್ಮ ಮನಸ್ಸಾಕ್ಷಿಯಂತೆ ನಡೆಯುವವರು ರಕ್ಷಣೆ ಹೊಂದಬಹುದೆಂದು ಹೇಳಿತ್ತು. ತಾಯಂದಿರು ಕಣ್ಣೀರಿನಲ್ಲಿ ಕೇಳಿದ ಪ್ರಶ್ನೆಗಳನ್ನು ದೈವಶಾಸ್ತ್ರಿಗಳು ಕೊನೆಗಾದರೂ ಕೇಳಿಸಿಕೊಂಡರು ಎಂದು ನಾನು ನಂಬಿದ್ದೇನೆ. ಪ್ರಶ್ನಿಸುವವರೆಲ್ಲ ಹೊರಗೆ ಹೋಗಿದ್ದರೆ ಇದಾಗುತ್ತಿರಲಿಲ್ಲ.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ಶಿವಮೊಗ್ಗದ ಅಣ್ಣನವರ ಮಾತು ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು. ಪುನರುತ್ಥಾನವನ್ನು ನಾನು ಬಿಟ್ಟಿಲ್ಲ, ಬಿಡುವ ಇಚ್ಛೆಯೂ ಇಲ್ಲ. ಜೀವಂತನಾಗಿರುವವನನ್ನಲ್ಲದೆ ಇನ್ಯಾರನ್ನು ಹಿಂಬಾಲಿಸಲು ಸಾಧ್ಯ? ಆದರೆ ಅನಂತಕಾಲದ ಯಾತನೆಯನ್ನು ಆ ನ್ಯಾಯದ ಭಾಗವೆಂದು ಒಪ್ಪಲು ಈಗಲೂ ಆಗುತ್ತಿಲ್ಲ. ಹಾಗೆಂದು ಸಭಾಪಾಲಕರ ಬಳಿ ನೇರವಾಗಿ ಹೇಳಿಕೊಳ್ಳುತ್ತೇನೆ. ಉಳಿದಿರುವುದು ಆ ಹುಡುಗಿ. ಅವಳಿಗೆ ಏನು ಹೇಳಲಿ?

ಉತ್ತರ 2ರವರಿಂದ ಮತ್ತೆ

ತಂಗೀ, ಮತ್ತಾಯನ ಕೊನೆಯ ಅಧ್ಯಾಯದಲ್ಲಿ ಗಲಿಲಾಯದ ಬೆಟ್ಟದ ಮೇಲೆ ಶಿಷ್ಯರು ಎದ್ದುಬಂದ ಕರ್ತನಿಗೆ ಅಡ್ಡಬೀಳುತ್ತಾರೆ, ಆದರೆ ಕೆಲವರು ಸಂದೇಹಪಟ್ಟರು ಎಂದು ಅದೇ ವಾಕ್ಯದಲ್ಲಿ ಬರೆದಿದೆ. ಸಂದೇಹಪಟ್ಟವರನ್ನು ಯೇಸು ಬೇರ್ಪಡಿಸಲಿಲ್ಲ, ಎಲ್ಲರನ್ನೂ ಒಟ್ಟಿಗೇ ಕಳುಹಿಸಿದನು. ಆದ್ದರಿಂದ ನಿನ್ನ ಪಾಠದ ವಿಷಯದಲ್ಲಿ ನನಗೆ ತಕರಾರಿಲ್ಲ. ಸಭಾಪಾಲಕರ ಹತ್ತಿರ ಹೋಗುವ ನಿರ್ಧಾರವೂ ಒಳ್ಳೆಯದು.

ಆ ಮಗುವಿಗೆ ನೀನು ಮತ್ತಾಯನ 25ನೆಯ ಅಧ್ಯಾಯವನ್ನು ಓದಿ ಹೇಳು. ಅವಳ ಅಜ್ಜಿ ಯಾರಿಗೆ ಊಟಕ್ಕಿಕ್ಕುತ್ತಿದ್ದರು, ಯಾರ ಕಾಯಿಲೆಗೆ ಹೋಗಿ ಕೂರುತ್ತಿದ್ದರು ಎಂದು ಕೇಳು, ಅವಳೇ ಹೇಳಲಿ. ಅಜ್ಜಿಯನ್ನು ಅವಳಿಗಿಂತ ಹೆಚ್ಚು ಪ್ರೀತಿಸುವವನು ದೇವರು ಎಂದು ಧೈರ್ಯವಾಗಿ ಹೇಳು. ಅದನ್ನು ಹೇಳಲು ನಿನಗೆ ಯಾವ ಸಿದ್ಧಾಂತವೂ ಅಡ್ಡಿಯಿಲ್ಲ, ನನ್ನದೂ ಸೇರಿದಂತೆ.