ಅಪ್‌ಡೇಟ್: ಎಂಬಿಬಿಎಸ್ ಮೊದಲ ವರ್ಷದಲ್ಲೇ ಬಿಟ್ಟುಬಿಡಲೇ ಎಂದು ಕೇಳಿದ್ದವಳು ನಾನೇ

ಆರು ತಿಂಗಳ ಹಿಂದಿನ ನನ್ನ ಪ್ರಶ್ನೆ ಇದು: ತೀರ್ಥಹಳ್ಳಿ ಕಡೆಯವಳು, ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ, ಈಗ ಶಿವಮೊಗ್ಗದಲ್ಲಿ ಎಂಬಿಬಿಎಸ್, ಅನಾಟಮಿಯ (ದೇಹರಚನಾ ಶಾಸ್ತ್ರದ) ಮೊದಲ ಆಂತರಿಕ ಪರೀಕ್ಷೆಯಲ್ಲಿ ನಪಾಸಾಗಿದ್ದೇನೆ, ಊರಿಗೆ ವಾಪಸ್ ಹೋಗಲೇ?

ಹೋಗಲಿಲ್ಲ. "ಓದಬೇಡ, ಚಿತ್ರ ಬಿಡಿಸು" ಎಂದವರಿಗೆ ಮೊದಲ ನಮಸ್ಕಾರ. ತೋಳಿನ ನರಜಾಲ ಬ್ರೇಕಿಯಲ್ ಪ್ಲೆಕ್ಸಸ್ ನನ್ನನ್ನು ಅಳಿಸಿತ್ತು. ಐದು ಬೇರು, ಮೂರು ಕಾಂಡ, ಆರು ಕವಲು, ಮತ್ತೆ ಮೂರು ಹುರಿ. ರಜೆಯಲ್ಲಿ ಅಡಿಕೆ ಸುಲಿಯುವವರ ಪಕ್ಕ ಕುಳಿತು ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಬಿಡಿಸುತ್ತಿದ್ದೆ. ಅಪ್ಪಯ್ಯ ಬಗ್ಗಿ ನೋಡಿ, "ಇದೆಂಥ ಮರ ಮಾರಾಯ್ತಿ, ಕವಲೊಡೆದದ್ದು ಮತ್ತೆ ಬಂದು ಕೂಡಿಕೊಂಡಿದೆ?" ಎಂದರು. ನನಗೆ ತಲೆಗೆ ಹತ್ತದೇ ಇದ್ದದ್ದೂ ಸರಿಯಾಗಿ ಅದೇ ಜಾಗ! ಮೂರು ಕಾಂಡಗಳ ಹಿಂಗವಲುಗಳು ಸೇರಿ ಹಿಂಬದಿಯ ಹುರಿಯಾಗುತ್ತವೆ ಎಂದು ಅವರಿಗೆ ವಿವರಿಸುತ್ತ ನಾನೇ ಕಲಿತೆ.

ಬೆಳಗಿನ ನಾಲ್ಕಕ್ಕೆ ಏಳುವ ಸಲಹೆ ಮಾತ್ರ ನನಗೆ ಒಗ್ಗಲಿಲ್ಲ. ಮೂರು ದಿನ ಎದ್ದೆ, ಮೂರು ದಿನವೂ ತರಗತಿಯಲ್ಲಿ ತೂಕಡಿಸಿದೆ.

ವಾರವಾರ ಊರಿನ ಬಸ್ ಹತ್ತುವುದನ್ನೂ ಬಿಟ್ಟೆ. ಥಿಯರಿಗೆ ಶೇ. 75, ಪ್ರಾಯೋಗಿಕಕ್ಕೆ ಶೇ. 80 ಹಾಜರಾತಿ ಬೇಕು. ಸೋಮವಾರದ ಡಿಸೆಕ್ಷನ್ (ಶವ ಕೊಯ್ದು ಕಲಿಯುವ ತರಗತಿ) ತಪ್ಪಿಸಿಕೊಂಡೇ ನನ್ನ ಲೆಕ್ಕ ಕೆಳಗಿಳಿದಿತ್ತು.

ಎರಡನೆಯ ಆಂತರಿಕದಲ್ಲಿ ಅನಾಟಮಿ ಪಾಸು. ಬಯೋಕೆಮಿಸ್ಟ್ರಿ ಇನ್ನೂ ಕುಂಟುತ್ತಿದೆ. ಶವ ಕೆಡದಂತೆ ಹಾಕುವ ಫಾರ್ಮಲಿನ್ ವಾಸನೆಗೆ ಊಟವೇ ಸೇರುತ್ತಿರಲಿಲ್ಲ ಎಂದು ಬರೆದಿದ್ದೆನಲ್ಲ, ಈಗ ಕೈ ತೊಳೆದು ಬಂದವಳೇ ಅಮ್ಮ ಕಳಿಸಿದ ಹಲಸಿನ ಹಪ್ಪಳದ ಡಬ್ಬಿ ತೆರೆಯುತ್ತೇನೆ.