ಅಪ್‌ಡೇಟ್: ಡಿಸ್ಕ್ ಕೆಟ್ಟಿಲ್ಲ!

ಅಮೆರಿಕದ ಹಳೇ ಟಿವಿ ಸರಣಿ 'ದಿ ಟ್ವಿಲೈಟ್ ಝೋನ್' (1959–64) ಎರಡನೇ ಸೀಸನ್ನಿನ ಬ್ಲೂ-ರೇಯಲ್ಲಿ ಕೆಲವು ಕಂತು ಮಂಕಾಗಿವೆ, ವಾಪಸ್ ಕೊಡಲಾ ಅಂತ ಕೇಳಿದ್ದೆ. ಬೇಡ, ಮೂಲದಲ್ಲೇ ಹಾಗಿದೆ ಅಂದಿರಿ. ನಿಜ. ಖರ್ಚು ಉಳಿಸಲು ಆ ಸೀಸನ್ನಿನ 6 ಕಂತುಗಳನ್ನು ಫಿಲ್ಮ್ ಬದಲು ವಿಡಿಯೋ ಟೇಪಿನಲ್ಲಿ ತೆಗೆದಿದ್ದರು.

ನಿನ್ನೆ ರಾತ್ರಿ ಎರಡೂ ಬಗೆಯದನ್ನು ಒಂದರ ಹಿಂದೊಂದು ನೋಡಿದೆ. ಫಿಲ್ಮಿನ 'ಐ ಆಫ್ ದಿ ಬಿಹೋಲ್ಡರ್'ನಲ್ಲಿ ಮುಖಕ್ಕೆ ಸುತ್ತಿದ ಬ್ಯಾಂಡೇಜಿನ ನೇಯ್ಗೆ ಕೂಡ ಕಾಣುತ್ತದೆ. ಟೇಪಿನ 'ದಿ ನೈಟ್ ಆಫ್ ದಿ ಮೀಕ್'ನಲ್ಲಿ ಎಲ್ಲ ಮಸುಕು. ಆದರೂ ಕುಡಿದು ಕೆಲಸ ಕಳೆದುಕೊಂಡ ಸಾಂತಾ ವೇಷದ ಪಾತ್ರದ (ನಟ ಆರ್ಟ್ ಕಾರ್ನಿ) ಕೈಗೆ ಉಡುಗೊರೆಯ ಚೀಲ ಸಿಕ್ಕಾಗ ಕಣ್ಣು ತುಂಬಿ ಬಂತು. ಸುಮ್ನೆ ವಾಪಸ್ ಕಳಿಸಿಬಿಡ್ತಿದ್ದೆ, ಅಲ್ವಾ? ತುಂಬಾ ಥ್ಯಾಂಕ್ಸ್.

ಮುಂದೆ ನಾಲ್ಕನೇ ಸೀಸನ್, ಒಂದೊಂದು ಗಂಟೆಯ ಕಂತುಗಳು.